ಮೊದಲ ಬೆಂಚಿನ ಪ್ರಶ್ನೆ

ಫೂಸಿ ಅತ್ತೆ ಕಾಲೇಜಿನ ಬಗ್ಗೆ ಬಾಯಿ ತೆರೆದರೆ ಮುಚ್ಚುವುದು ಕಷ್ಟ. ಅವರು ನಮ್ಮಪ್ಪನ ಅಕ್ಕ. ನಮ್ಮ ಟೋಂಗಾ ದ್ವೀಪದ ಜನರಲ್ಲಿ ಅಪ್ಪನ ಅಕ್ಕ ಹೇಳಿದ್ದೇ ಕಾನೂನು, ಅಪ್ಪನೂ ತುಟಿ ಪಿಟಕ್ ಎನ್ನುವಂತಿಲ್ಲ. ಸಾಲದ್ದಕ್ಕೆ ನಮ್ಮ ವಂಶದಲ್ಲಿ ಕಾಲೇಜು ಮುಗಿಸಿದ ಮೊದಲ ಹೆಂಗಸು ಅವರೇ. ಭಾನುವಾರ ಚರ್ಚ್ ಮುಗಿಸಿ ನಾವು ದ್ವೀಪ ಬಿಟ್ಟು ಬಂದು ನೆಲೆಸಿದ ಮಾಂಗೆರೆಯ ಮನೆಗೆ ಊಟಕ್ಕೆ ಬಂದರೆಂದರೆ ಉಪದೇಶ ಶುರು. ಕೆಸುವಿನೆಲೆಯಲ್ಲಿ ಕಟ್ಟಿ ಬೇಯಿಸಿದ ಮಾಂಸ ತಟ್ಟೆಯಲ್ಲಿ ತಣ್ಣಗಾಗುತ್ತಿತ್ತು, ಅತ್ತೆಯ ಮಾತು ಮಾತ್ರ ಬಿಸಿಯಾಗಿಯೇ ಇರುತ್ತಿತ್ತು.

"ಮೊದಲ್ನೇ ಬೆಂಚಲ್ಲಿ ಕೂತ್ಕೋಬೇಕು. ಕೈ ಎತ್ಬೇಕು, ಪ್ರಶ್ನೆ ಕೇಳ್ಬೇಕು. ನಾನು ಕೇಳಿದ ಒಂದು ಪ್ರಶ್ನೆಗೆ ನಮ್ಮ ಬಿಳಿ ಮೇಷ್ಟ್ರು ಎಲ್ಲರೆದುರು ಭೇಷ್ ಅಂದಿದ್ರು ಗೊತ್ತಾ? ಒಂದು ಕ್ಲಾಸೂ ತಪ್ಪಿಸ್ಬಾರ್ದು. ಏನೇ ಆಗ್ಲಿ ತಪ್ಪಿಸ್ಬಾರ್ದು." ಆಮೇಲೆ ಬಾಗಿಲ ಬಳಿ ಕೂತ ಅಪ್ಪನ ಕಡೆ ನೋಡದೆ, ನಮಗೆ ಹೇಳುವಂತೆ ಹೇಳುತ್ತಿದ್ದರು: "ನಿಮ್ಮಪ್ಪನ ಥರ ಆಗ್ಬೇಡಿ. ಇಬ್ರೂ ಒಟ್ಟಿಗೇ ಸೇರಿದ್ವಿ. ನಾನು ಓದ್ದೆ, ಅವನು ನಿದ್ದೆ ಮಾಡ್ದ."

ಅಪ್ಪ ನಗುತ್ತಿದ್ದ. ವಿಮಾನ ನಿಲ್ದಾಣದಲ್ಲಿ ಜನರ ಪೆಟ್ಟಿಗೆ ಎತ್ತಿ ಎತ್ತಿ ಸೊಂಟ ಹಿಡಿದುಹೋದ ಮನುಷ್ಯ. ಅತ್ತೆ ಅಂದದ್ದಕ್ಕೆಲ್ಲ ನಗುವುದೊಂದೇ ಅವನ ಉತ್ತರ.

ನನಗಿಂತ ಎರಡು ವರ್ಷ ದೊಡ್ಡವನು ಕೆಲೆಪಿ ಅಣ್ಣ. ಕೋಲ್ಡ್ ಸ್ಟೋರೇಜಿನಲ್ಲಿ ಕುರಿಮಾಂಸ ಹೊರುವ ಕೆಲಸ ಬಿಟ್ಟು ನರ್ಸ್ ಆಗುತ್ತೇನೆಂದು ಹೊರಟವನು. ಅಜ್ಜಿ ಹಾಸಿಗೆ ಹಿಡಿದಾಗ ಅವಳನ್ನು ಎತ್ತಿ, ಮಗ್ಗುಲು ಬದಲಿಸಿ, ಹುಣ್ಣಾಗದಂತೆ ನೋಡಿಕೊಂಡವನು ಅವನೇ. ಮನೆಗೆ ಬರುತ್ತಿದ್ದ ನರ್ಸಮ್ಮ, ಇಷ್ಟು ಹಗುರ ಕೈ ನಾನು ಕಂಡಿಲ್ಲ ಅಂದಿದ್ದಳು. ಅಂದಿನಿಂದ ಅವನಿಗೆ ಅದೇ ಗುಂಗು. ಅವನಿಗೆ ಸೀಟು ಸಿಕ್ಕ ವರ್ಷವೇ ನನಗೂ ಅದೇ ಓದಿಗೆ ಸಿಕ್ಕಿತು. ಅತ್ತೆ ತೀರ್ಪು ಕೊಟ್ಟರು: "ಲೆಸಿಯೆಲಿ, ಕೆಲೆಪಿ, ಇಬ್ರೂ ಒಂದೇ ಕಾಲೇಜು, ಒಂದೇ ಕ್ಲಾಸು. ಒಂದೇ ಪುಸ್ತಕ, ಒಂದೇ ಕಾರು. ಒಬ್ರನ್ನ ನೋಡಿ ಒಬ್ರು ಓದ್ಕೊಳ್ಳಿ."

ಅಪ್ಪನ ಕೈಯ ತುತ್ತು ಅಲ್ಲೇ ನಿಂತಿತು. ಕೆಲೆಪಿ ನೆಲ ನೋಡಿದ. ನಾನು ಅಡಿಗೆಮನೆಯ ಪರದೆಯ ಹಿಂದಿನಿಂದ ನೋಡುತ್ತಿದ್ದೆ. ಬುದ್ಧಿ ಬಂದ ಮೇಲೆ ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಕೂತು ಟಿವಿ ನೋಡುವುದಿಲ್ಲ ನಾವು. ಅವನು ಮಲಗುವುದು ಗ್ಯಾರೇಜಿನಲ್ಲಿ, ನನ್ನ ಕೋಣೆಯ ಹೊಸ್ತಿಲು ಅವನು ದಾಟುವುದಿಲ್ಲ. ನಾನಿರುವಲ್ಲಿ ಯಾರಾದರೂ ಪೋಲಿ ಮಾತಾಡಿದರೆ ಅವನು ಎದ್ದು ಹೋಗಬೇಕು, ಹೋಗದಿದ್ದರೆ ತಂಗಿಯನ್ನೇ ಅವಮಾನ ಮಾಡಿದಂತೆ. ಅತ್ತೆಗೆ ಇದೆಲ್ಲ ಗೊತ್ತಿಲ್ಲವೇ? ಓದಿನ ವಿಷಯ ಬಂದರೆ ಅವರಿಗೆ ಉಳಿದದ್ದೆಲ್ಲ ಮರೆತುಹೋಗುತ್ತದೆ ಅಂತ ಸಿಟ್ಟು ಬಂತು. ಸಿಟ್ಟು ಬಂದರೇನು, ಹೇಳುವವರು ಯಾರು?

ಹೇಗೋ ನಡೆಯಿತು. ಅವನು ಕಾರು ಓಡಿಸುತ್ತಿದ್ದ, ನಾನು ಟ್ಯಾಕ್ಸಿ ಹತ್ತಿದವಳಂತೆ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದೆ. ಹಾಡಿನಲ್ಲಿ ಎಲ್ಲಿ ಪ್ರೀತಿಗೀತಿ ಬಂದೀತೋ ಎಂದು ರೇಡಿಯೋ ಬಂದ್. ದೊಡ್ಡ ಹಾಲಿನಲ್ಲಿ ನಾನು ಮೊದಲ ಸಾಲು, ಅವನು ಕೊನೆಯ ಸಾಲು.

ಮಂಗಳವಾರ ಪ್ರಾಕ್ಟಿಕಲ್ ಶುರುವಾಯಿತು. ಚಿಕ್ಕ ಕೋಣೆ, ಒಂದೊಂದು ಮೇಜಿಗೆ ಇಬ್ಬರು. ಪಾಠ ಹೇಳುವ ಹೆದರ್ ಮೇಡಂ ಮನೆತನದ ಹೆಸರು ಹಿಡಿದು ಜೋಡಿ ಮಾಡುತ್ತ ಬಂದರು. ಪ್ರತಿ ಮೇಜಿನ ಮೇಲೂ ಪ್ಲಾಸ್ಟಿಕ್ಕಿನ ಸೊಂಟದ ಭಾಗ, ಗಂಡಿನದೊಂದು, ಹೆಣ್ಣಿನದೊಂದು, ಮುಚ್ಚುಮರೆಯಿಲ್ಲದೆ.

"ಮಾಫಿ, ಮಾಫಿ. ನೀವಿಬ್ರೂ ಈ ಮೇಜಿಗೆ ಬನ್ನಿ," ಅಂದರು ಮೇಡಂ. ಮಾಫಿ ನಮ್ಮ ಮನೆತನದ ಹೆಸರು. ನಾವು ಅಲುಗಾಡಲಿಲ್ಲ. ಅವರು ನಮ್ಮ ಮುಖ ನೋಡಿ ನಕ್ಕರು. "ಏನು, ಗಂಡ ಹೆಂಡ್ತಿನಾ? ಹಾಗಿದ್ರೆ ಇವತ್ತಿನ ಪಾಠ ನಿಮಗೆ ಸುಲಭ ಬಿಡಿ."

ಕ್ಲಾಸೆಲ್ಲ ನಕ್ಕಿತು. ನೆಲ ಬಾಯಿ ಬಿಟ್ಟರೆ ಇಳಿದುಹೋಗುತ್ತೇನೆ ಅನ್ನಿಸಿತು. ತಲೆ ಎತ್ತುವಷ್ಟರಲ್ಲಿ ಕೆಲೆಪಿ ಇರಲಿಲ್ಲ. ಅವನ ಚೀಲ ಕುರ್ಚಿಯ ಮೇಲೇ ಇತ್ತು. ಪ್ರಾಕ್ಟಿಕಲ್ ಎರಡು ಸಲ ತಪ್ಪಿದರೆ ವರ್ಷವೇ ಹೋಯಿತು ಎಂದು ಗೋಡೆಯ ಮೇಲೆ ಬರೆದಿತ್ತು. ಅವನಿಗೆ ಒಂದು ಆಗಲೇ ಲೆಕ್ಕಕ್ಕೆ ಬಂದಿತ್ತು.

ಆ ವಾರದ ಉಳಿದ ದಿನ ಅವನು ಕಾಲೇಜಿನ ಕಡೆ ತಲೆ ಹಾಕಲಿಲ್ಲ. ಅಮ್ಮ ಬಂದು ಹೇಳಿದಳು: "ಬೆಳಿಗ್ಗೆ ಏಳೋಕಾಗಲ್ವಂತೆ ಕಣೇ. ಕೋಲ್ಡ್ ಸ್ಟೋರೇಜಿಗೇ ವಾಪಸ್ ಹೋಗ್ತಾನಂತೆ."

ಬೆಳಿಗ್ಗೆ ಏಳೋಕಾಗಲ್ವಂತೆ. ಅಜ್ಜಿಗಾಗಿ ರಾತ್ರಿಯೆಲ್ಲ ಕಣ್ಣು ಮಿಟುಕಿಸದೆ ಕೂತವನು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ರೇಗಿತು. ಆದರೆ ಅವನ ಗ್ಯಾರೇಜಿಗೆ ಹೋಗಿ ಕೇಳುವಂತಿಲ್ಲ, ಆ ಪಾಠದ ಹೆಸರನ್ನು ಅಪ್ಪನೆದುರು ಎತ್ತುವಂತಿಲ್ಲ. ಕಟ್ಟಿದವರೇ ಬಿಚ್ಚಲಿ ಎಂದು ಅತ್ತೆಯ ಮನೆಗೇ ಹೋದೆ.

ಅತ್ತೆ ಇಸ್ತ್ರಿ ಮಾಡುತ್ತಿದ್ದರು. ಕೆಲೆಪಿ ಕಾಲೇಜು ಬಿಟ್ಟ ಎನ್ನುತ್ತಿದ್ದಂತೆ, "ಅಪ್ಪನ ರಕ್ತ ಎಲ್ಲಿ ಹೋಗತ್ತೆ? ಸೋಮಾರಿ," ಅಂದರು.

"ಸೋಮಾರಿ ಅಲ್ಲ ಅತ್ತೆ." ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. "ನಮ್ಮಿಬ್ರನ್ನೂ ಒಂದೇ ಮೇಜಿಗೆ ಹಾಕಿದ್ರು. ಮಕ್ಕಳು ಹೆಂಗೆ ಹುಟ್ತವೆ ಅನ್ನೋ ಪಾಠಕ್ಕೆ. ಗಂಡ ಹೆಂಡ್ತಿನಾ ಅಂತ ಕೇಳಿದ್ರು. ಎದ್ದು ಹೋಗ್ದೆ ಇನ್ನೇನು ಮಾಡ್ತಾನೆ ಅವನು? ನೀವೇ ಅಲ್ವಾ ಒಂದೇ ಕ್ಲಾಸು ಅಂದಿದ್ದು?"

ಬೈಗುಳಕ್ಕೆ ಕಾದು ನಿಂತೆ. ಬೈಗುಳ ಬರಲಿಲ್ಲ. ಅತ್ತೆ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಗೋಡೆ ಹಿಡಿದುಕೊಂಡರು.

"ನಮಗೂ ಆ ಪಾಠ ಇತ್ತು," ಅಂದರು. "ಮೇಷ್ಟ್ರು ಬೋರ್ಡ್ ತುಂಬ ಚಿತ್ರ ಬರೆದಿದ್ರು. ನಾನು ಮೊದಲ್ನೇ ಬೆಂಚು. ಎಲ್ಲರೂ ತಲೆ ತಗ್ಗಿಸಿದ್ರು, ನಾನೊಬ್ಳೇ ಕೈ ಎತ್ತಿ ಕೇಳ್ದೆ. ಅದಕ್ಕೇ ಕಣೇ ಭೇಷ್ ಅಂದಿದ್ದು ಅವ್ರು."

"ಅಪ್ಪ?"

"ಹಿಂದೆ ಕೂತಿದ್ದ. ಅವನು ಅಲ್ಲಿದಾನೆ ಅನ್ನೋದೇ ನನಗೆ ಮರೆತುಹೋಗಿತ್ತು." ಇಸ್ತ್ರಿಪೆಟ್ಟಿಗೆಯ ವೈರು ಕಿತ್ತರು. "ಮಾರನೇ ದಿನದಿಂದ ಬರ್ಲಿಲ್ಲ ಲೆಸಿಯೆಲಿ. ನಾನು ಇಷ್ಟು ವರ್ಷ ಅವನನ್ನ ಸೋಮಾರಿ ಅಂತ ಅಂದ್ಕೊಂಡೇ ಬಂದೆ."

ನಮ್ಮ ಮನೆಯಲ್ಲಿ ಇಂಥದ್ದು ಎರಡನೇ ಸಲ ನಡೆಯುತ್ತಿತ್ತು, ಮೊದಲನೆಯದು ನಡೆದದ್ದು ಯಾರಿಗೂ ತಿಳಿದೇ ಇರಲಿಲ್ಲ. ಅಪ್ಪನೊಬ್ಬನನ್ನು ಬಿಟ್ಟು.

ಮರುದಿನ ಅತ್ತೆ, ಮರ್ಯಾದೆಯ ಜಾಗಕ್ಕೆ ಹೋಗುವಾಗ ನಮ್ಮವರು ಸುತ್ತುವಂತೆ, ಸೊಂಟಕ್ಕೆ ಚರ್ಚಿನ ಚಾಪೆ ಸುತ್ತಿಕೊಂಡು ಕಾಲೇಜಿಗೆ ಬಂದರು. ಹೆದರ್ ಮೇಡಂ ನಮ್ಮ ಮಾತು ಕೇಳಿ ಕಿವಿಯವರೆಗೂ ಕೆಂಪಾದರು. "ನೀವು ಅಣ್ಣ ತಂಗಿ ಅಂತ ನನಗೆ ಗೊತ್ತಿರ್ಲಿಲ್ಲ. ಯಾರೂ ಹೇಳ್ಲಿಲ್ಲ," ಅಂದರು. ಗುರುವಾರ ಮಧ್ಯಾಹ್ನದ ಬ್ಯಾಚಿನಲ್ಲಿ ಒಂದು ಜಾಗವಿತ್ತು. ಆದರೆ ಈ ಗುರುವಾರವೇ ಬರಬೇಕು, ತಪ್ಪಿದರೆ ತನ್ನ ಕೈಯಲ್ಲೂ ಏನೂ ಇಲ್ಲ ಎಂದರು.

ಅಂದು ಸಂಜೆ ಅತ್ತೆ ನಮ್ಮ ಮನೆಗೆ ಬಂದರು. ಭಾನುವಾರ ಅಲ್ಲದ ದಿನ ಅವರನ್ನು ಕಂಡು ಅಮ್ಮ ಕಂಗಾಲಾಗಿ ಅಡಿಗೆಮನೆ ಹೊಕ್ಕಳು. ನಾನೂ ಹೊಕ್ಕೆ. ಕೆಲೆಪಿ ಹಜಾರದಲ್ಲಿದ್ದಾಗ ನನ್ನ ಜಾಗ ಅದೇ, ಬಾಗಿಲ ಪರದೆಯ ಹಿಂದೆ.

"ಗುರುವಾರದ ಬ್ಯಾಚಿಗೆ ಹಾಕ್ಸಿದೀನಿ. ನಿನ್ನ ತಂಗಿ ಮಂಗಳವಾರ, ನೀನು ಗುರುವಾರ. ಹೋಗು," ಅಂದರು ಅತ್ತೆ ಕುರ್ಚಿಯಿಂದ.

"ಬೆಳಿಗ್ಗೆ ಏಳೋಕಾಗಲ್ಲ ಅತ್ತೆ."

"ಮಧ್ಯಾಹ್ನ ಕಣೋ."

ಕೆಲೆಪಿಗೆ ಬೇರೆ ಸುಳ್ಳು ಸಿಗಲಿಲ್ಲ. "ಹಾಗಾದ್ರೆ ಹೋಗ್ತೀನಿ," ಅಂದ. ಅಮ್ಮ ನನ್ನ ಕೈ ಹಿಸುಕಿದಳು.

ಆಮೇಲೆ ಅತ್ತೆ ಅಪ್ಪನ ಕಡೆ ತಿರುಗಿದರು. ಅಪ್ಪ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ.

"ಟವಾಕೆ. ನೀನು ಯಾಕೆ ಕಾಲೇಜು ಬಿಟ್ಟೆ?"

ಅಪ್ಪ ನಗಲು ನೋಡಿದ, ಆಗಲಿಲ್ಲ. "ಬಸ್ಸು ಸರಿಯಾಗಿ ಸಿಗ್ತಿರ್ಲಿಲ್ಲ ಅಕ್ಕ."

"ಕಾಲೇಜು ನಮ್ಮ ಮನೆ ಬೇಲಿ ಆಚೆಗೇ ಇತ್ತು."

"ಹೌದಾ? ಮರೆತೇ ಹೋಗಿದೆ ನನಗೆ. ಹಳೇ ಮಾತು, ಬಿಡಿ."

ಅತ್ತೆ ಕುರ್ಚಿಯಿಂದ ಎದ್ದರು. ಹೊರಟರು ಅಂದುಕೊಂಡೆ. ಅವರು ಚಾಪೆಯಾಚೆ, ಬರಿಯ ನೆಲಕ್ಕೆ, ಅಪ್ಪನ ಕಾಲ ಹತ್ತಿರ ಇಳಿದು ಕೂತರು. ತಮ್ಮನಿಗಿಂತ ಕೆಳಗೆ, ನಮ್ಮಲ್ಲಿ ಯಾವ ಅಕ್ಕನೂ ಕೂರದ ಜಾಗದಲ್ಲಿ. ಅಮ್ಮನ ಬಾಯಿಂದ ಸಣ್ಣ ಚೀತ್ಕಾರ ಹೊರಟಿತು. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಅಪ್ಪ ಹೌಹಾರಿ, ಅಕ್ಕನಿಗಿಂತ ಕೆಳಗಾಗಬೇಕೆಂದು ಹಿಡಿದುಹೋದ ಸೊಂಟವನ್ನು ಬಗ್ಗಿಸಿ ಹಣೆಯನ್ನು ಚಾಪೆಗೆ ಒತ್ತಿದ.

"ಏಳಿ ಅಕ್ಕ. ಮಕ್ಕಳು ನೋಡ್ತಿದಾರೆ."

"ನೋಡ್ಲಿ," ಅಂದರು ಅತ್ತೆ.