ಟ್ಯಾಂಕಿಗೂ ಉಸಿರು ಬೇಕು

ಹೊರಡುವಾಗ ಚೆನ್ನಾಗಿಯೇ ಹೊರಟ ಎಂಜಿನ್ ನಡುನೀರಿನಲ್ಲಿ ಕೈಕೊಡುವುದು ದೋಣಿ ನಡೆಸುವವರಿಗೆ ಹೊಸದೇನಲ್ಲ. ನಮ್ಮ ದೋಣಿಯಜ್ಜನಿಗೂ ಕೈಕೊಟ್ಟಿತು, ಅದೂ ಎಂಥ ದಿನ!

ಆಚೆ ದಡದ ಆಸ್ಪತ್ರೆಯಿಂದ ಮಗಳನ್ನೂ ಹಸುಗೂಸು ಮೊಮ್ಮಗಳನ್ನೂ ಮನೆಗೆ ಕರೆತರುವ ದಿನ. ಅಜ್ಜನ ಕಾಲು ನೆಲದ ಮೇಲಿರಲಿಲ್ಲ. ದೋಣಿ ತೊಳೆದು ಹಲಗೆಗೆ ಹಾಸಿಗೆ ಹಾಸಿದ್ದ. ಕೂಸಿನ ಮೂಗಿಗೆ ಪೆಟ್ರೋಲ್ ವಾಸನೆ ಹೊಡೆಯಬಾರದೆಂದು ಟ್ಯಾಂಕಿನ ಮುಚ್ಚಳದ ಮೇಲಿನ ಪುಟ್ಟ ಗಾಳಿ ತಿರುಪನ್ನೂ ಮೈಬಲವೆಲ್ಲ ಹಾಕಿ ಬಿಗಿದು, ಅಜ್ಜಿಯನ್ನೂ ಮಗಳನ್ನೂ ಕೂಸನ್ನೂ ಕೂರಿಸಿಕೊಂಡು ಮನೆ ಕಡೆಗೆ ದೋಣಿ ಬಿಟ್ಟ.

ಸ್ವಲ್ಪ ದೂರ ಎಲ್ಲ ಸೊಗಸು. ಆಮೇಲೆ ಎಂಜಿನ್ ಕೆಮ್ಮಿತು, ತೊದಲಿತು, ತೆಪ್ಪಗಾಯಿತು. ಸೆಳೆತ ದೋಣಿಯನ್ನು ಬಂಡೆಗಳ ಕಡೆಗೆ ಒಯ್ಯತೊಡಗಿತು. ಅಜ್ಜಿ ಲಂಗರು ಬಿಟ್ಟರೆ ಅದೂ ಕೆಸರಿನಲ್ಲಿ ಜಾರುತ್ತಿತ್ತು. ಅಜ್ಜ ಎಂಜಿನ್ ಚಾಲೂ ಮಾಡುವ ಹಗ್ಗವನ್ನು ಭುಜ ಬಿದ್ದುಹೋಗುವಷ್ಟು ಎಳೆದ, ಎಂಜಿನ್ನಿನ ವಂಶವನ್ನೆಲ್ಲ ಬೈದ. ಕೊನೆಗೆ ಸ್ಪ್ಯಾನರ್ ಹಿಡಿದು ಎಂಜಿನ್ನನ್ನೇ ಬಿಚ್ಚಲು ಹೊರಟ.

ದೋಣಿ ಸಂಘದವರು ಎಂಜಿನ್ ತರಬೇತಿ ಇಟ್ಟಾಗ, ನನಗೇ ಪಾಠವಾ ಎಂದು ಮೂಗು ಮುರಿದವನು ಅಜ್ಜ. ಹೋಗಿ ಕಲಿತು ಬಂದವಳು ಅಜ್ಜಿ. ಅವಳು ಹೇಳಹೋದರೆ, ಹಾಗಾದರೆ ನೀನೇ ದೋಣಿ ನಡೆಸು ಎಂದು ನಕ್ಕುಬಿಟ್ಟಿದ್ದ.

“ರೀ, ಸ್ಪ್ಯಾನರ್ ಕೆಳಗಿಡಿ. ಪೆಟ್ರೋಲ್ ಪೈಪಿನ ಮಧ್ಯೆ ಹಿಸುಕೋ ರಬ್ಬರ್ ಬಲ್ಬು ಇದೆಯಲ್ಲ, ಹೇಗಿದೆ ನೋಡಿ” ಎಂದಳು ಅಜ್ಜಿ.

“ಚಪ್ಪಟೆಯಾಗಿ ಅಂಟ್ಕೊಂಡಿದೆ ಕಣೇ. ಅದಕ್ಕೇನೀಗ?”

“ಪೆಟ್ರೋಲ್ ಈಚೆ ಬರಬೇಕಾದ್ರೆ ಟ್ಯಾಂಕಿನೊಳಗೆ ಗಾಳಿ ಹೋಗಬೇಕು. ಗಾಳಿ ತಿರುಪು ಮುಚ್ಚಿದ್ದು ಯಾರು?”

ಅಜ್ಜ ಕೂಸು, ವಾಸನೆ ಎಂದೇನೋ ಗೊಣಗಿದ. ತಿರುಪು ಸಡಿಲಿಸಿದ್ದೇ ತಡ, ಟ್ಯಾಂಕು ಸುಸ್ಸೆಂದು ಗಾಳಿ ಎಳೆದುಕೊಂಡಿತು, ಬಲ್ಬು ಉಬ್ಬಿತು. ಅದು ಗಟ್ಟಿಯಾಗುವ ತನಕ ಹಿಸುಕಿ ಹಗ್ಗ ಎಳೆದ. ಎಂಜಿನ್ ಗುಡುಗಿತು. ಮಗಳು ಅಳುತ್ತಲೇ ನಕ್ಕಳು. ಅಜ್ಜಿ ಲಂಗರು ಎತ್ತಿ, ತಾಯಿಮಗುವನ್ನು ಟ್ಯಾಂಕಿನಿಂದ ದೂರ, ಎದುರುಗಾಳಿ ಬರುವ ಮುಂಭಾಗದಲ್ಲಿ ಕೂರಿಸಿದಳು. ವಾಸನೆಗೆ ಅಷ್ಟೇ ಮದ್ದು.

ದಾರಿಯುದ್ದಕ್ಕೂ ಅಜ್ಜ ಒಂದೊಂದೇ ಕೇಳಿದ, ಅಜ್ಜಿ ಹೇಳಿದಳು. ಎಷ್ಟು ಹಿಸುಕಿದರೂ ಬಲ್ಬು ಗಟ್ಟಿಯಾಗದಿದ್ದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ ನೋಡಬೇಕು. ಇದ್ದರೆ ಪೈಪು ಎಲ್ಲೋ ಸೀಳಿದೆ, ಇಲ್ಲವೇ ಜೋಡಣೆ ಸಡಿಲವಾಗಿದೆ. ಬಲ್ಬು ಗಟ್ಟಿಯಿದ್ದೂ ಎಂಜಿನ್ ತೊದಲಿದರೆ ಫಿಲ್ಟರಿನಲ್ಲಿ ಕಸವೋ ನೀರೋ ಇರಬಹುದು. ಪೆಟ್ರೋಲ್ ಸೋರುವ ಕಡೆ ಬೀಡಿ, ಬೆಂಕಿಕಡ್ಡಿ ತೆಗೆಯುವ ಮಾತೇ ಇಲ್ಲ.

ದಡ ಮುಟ್ಟಿದಾಗ ಅಜ್ಜ ಮೊಮ್ಮಗಳನ್ನು ಎದೆಗವಚಿಕೊಂಡು ಇಳಿದ. ಕಾದು ನಿಂತಿದ್ದವರಿಗೆಲ್ಲ ಕೇಳುವಂತೆ ಕೂಸಿಗೆ ಹೇಳಿದ: “ಇವತ್ತು ನಮ್ಮನ್ನ ಮನೆ ಮುಟ್ಟಿಸಿದ್ದು ನಿಮ್ಮಜ್ಜಿ ಕಣಮ್ಮಾ.”

ದೋಣಿ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ದೋಣಿಯಲ್ಲೂ ಯಾರದೋ ಮಗಳು, ಯಾರದೋ ಮೊಮ್ಮಗು ಕೂತಿರುತ್ತಾರೆ. ದಡದಲ್ಲಿರುವಾಗಲೇ ಗಾಳಿ ತಿರುಪು ತೆರೆಯಿರಿ, ಬಲ್ಬು ಹಿಸುಕಿ, ಪೈಪು ಸವರಿ ನೋಡಿ. ಆಮೇಲೆ ಹಗ್ಗ ಎಳೆಯಿರಿ. ಮನೆಯಲ್ಲಿ ನಿಮಗಾಗಿ ಕಾಯುತ್ತಿದ್ದಾರೆ.