ಏಕಾದಶಿಯ ಉಣ್ಣಿ

ಮೂರನೆಯ ಸಾಲು ಮುಗಿಯುವವರೆಗೆ ಕೈ ಹಾಕಬಾರದು. ತುಂಗಮ್ಮನಿಗೆ ಇದನ್ನು ಕಲಿಸಿದವರು ಅವಳ ಅಪ್ಪ. ಧಾರವಾಡದ ಮನೆಯ ಕಟ್ಟೆಯ ಮೇಲೆ ಕೂತು ಅವರು ಸಂಜೆ ಷಟ್ಪದಿ ಓದುತ್ತಿದ್ದರು. ಅಂಗಳದಲ್ಲಿ ಕಪಿಲೆ ಹಸು ಕಣ್ಣು ಅರೆಮುಚ್ಚಿ ನಿಂತಿರುತ್ತಿತ್ತು. ಮೂರನೆಯ ಸಾಲನ್ನು ಉದ್ದಕ್ಕೆ ಎಳೆದು ಅಪ್ಪ ಉಸಿರು ತೆಗೆದುಕೊಳ್ಳುವಾಗ, ಏಳು ವರ್ಷದ ತುಂಗಮ್ಮ ಹಸುವಿನ ಕಿವಿಗೆ ಕಚ್ಚಿಕೊಂಡ ಉಣ್ಣಿಯನ್ನು ಬುಡಕ್ಕೆ ಹಿಡಿದು ನೆಟ್ಟಗೆ ಕೀಳುತ್ತಿದ್ದಳು. ಕಿತ್ತದ್ದು ಸೀಮೆಎಣ್ಣೆ ಬಟ್ಟಲಿಗೆ. ಏಕಾದಶಿಯ ದಿನ ಮಾತ್ರ ಬಟ್ಟಲು ಹೊರಗೆ ಬರುತ್ತಿರಲಿಲ್ಲ. ಅಂದು ಇರುವೆಯನ್ನೂ ಕೊಲ್ಲುವಂತಿಲ್ಲ. ಬೇಲಿಯ ಬುಡಕ್ಕೆ ಎಸೆದು ಕೈ ತೊಳೆದರೆ ಮುಗಿಯಿತು.

ಐವತ್ತೈದು ವರ್ಷಗಳ ಮೇಲೆ, ಕೋಲ್ಕತ್ತದ ಕಸ್ಬಾದಲ್ಲಿ, ಮೂರನೇ ಮಹಡಿಯ ಮನೆಯಲ್ಲಿ, ಆ ಕೈಗೆ ಮತ್ತೆ ಕೆಲಸ ಸಿಕ್ಕಿತ್ತು. ಮಗ ಶ್ರೀವತ್ಸ ರೈಲ್ವೆಯಲ್ಲಿ. ಸೊಸೆ ಶ್ರೀವಿದ್ಯಾ ಸಾಲ್ಟ್ ಲೇಕಿನ ಹೊಸ ಕಂಪ್ಯೂಟರ್ ಕಂಪನಿಗೆ ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವಳು. ಹಗಲೆಲ್ಲ ಜೊತೆಗಿದ್ದದ್ದು ಭುಲು, ಎದುರಿಗೆ ಗಾಜಿನ ಆಫೀಸು ಏಳುತ್ತಿದ್ದಾಗ ಮರಳಿನ ಗುಡ್ಡೆಯಲ್ಲಿ ಹುಟ್ಟಿ ಮನೆ ಸೇರಿದ್ದ ಕಂದು ನಾಯಿ. ಮೊದಮೊದಲು ತುಂಗಮ್ಮ ಮಡಿಯೆಂದು ದೂರವಿದ್ದಳು. ಅದರ ಕಿವಿಯಲ್ಲಿ ಉಣ್ಣಿ ಕಂಡ ದಿನ ತಾನೇ ಹತ್ತಿರ ಕರೆದಳು. ಅಪ್ಪನ ಪದ್ಯ ತಾನಾಗಿ ಬಾಯಿಗೆ ಬಂತು. ಕನ್ನಡ ಅರಿಯದ ಭುಲು ಕಪಿಲೆಯಂತೆಯೇ ಕಣ್ಣು ಅರೆಮುಚ್ಚಿತು.

ಏಕಾದಶಿಯಂದು ಬಾಲ್ಕನಿಯಿಂದ ಎಸೆಯೋಣವೆಂದರೆ ಕೆಳಗೆ ಜನರ ತಲೆ. ದಾಸವಾಳದ ಕುಂಡದ ಮಣ್ಣಿಗೆ ಬಿಟ್ಟು, ಎಲ್ಲಾದರೂ ಬದುಕಿಕೋ ಹೋಗು ಎನ್ನುತ್ತಿದ್ದಳು. ಹೀಗೆ ಬೇಸಿಗೆಯಲ್ಲಿ ಆರೇಳು ಏಕಾದಶಿಗಳು ಕಳೆದವು.

ಭಾದ್ರಪದದಲ್ಲಿ, ಕೇರಿಯ ಹುಡುಗರು ದುರ್ಗಾಪೂಜೆಯ ಪೆಂಡಾಲಿಗೆ ಬಿದಿರು ನೆಡುತ್ತಿದ್ದಾಗ, ಭುಲು ಅನ್ನ ಬಿಟ್ಟಿತು. ಮರುದಿನ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿತು. ಘೋಷಾಲ್ ಡಾಕ್ಟರು ಬಂದು ತುಟಿ ಎತ್ತಿ ನೋಡಿದರು, ಒಸಡು ಸುಣ್ಣದಂತಿತ್ತು. ರಕ್ತ ಪರೀಕ್ಷೆಯಾಯಿತು. ಉಣ್ಣಿ ಜ್ವರ, ಉಣ್ಣಿ ಕಚ್ಚಿ ಬಿಟ್ಟ ಕ್ರಿಮಿ ರಕ್ತವನ್ನೇ ಒಡೆಯುತ್ತಿದೆ, ಮೂರು ದಿನ ದಾಟಿದರೆ ಉಳಿದೀತು ಎಂದರು. ಇಷ್ಟು ಎತ್ತರದ ಮನೆಗೆ ಇಷ್ಟೊಂದು ಉಣ್ಣಿ ಎಲ್ಲಿಂದ ಎಂದು ಬಾಲ್ಕನಿಗೆ ಹೋಗಿ ಕುಂಡ ಸರಿಸಿದರು. ಗೋಡೆಯ ಬಿರುಕಿನಲ್ಲಿ ಸಾಸಿವೆ ಚೆಲ್ಲಿದಂತೆ ಮರಿಗಳು ಹರಿಯುತ್ತಿದ್ದವು. ರಕ್ತ ಕುಡಿದು ಉಬ್ಬಿದ ಒಂದೇ ಉಣ್ಣಿ ಸಾವಿರಾರು ಮೊಟ್ಟೆ ಇಡುತ್ತದಂತೆ. ಇಲ್ಲಿ ಬಿಟ್ಟವರು ಯಾರು ಎಂದು ಅವರು ಕೇಳಿದ್ದನ್ನು ಶ್ರೀವಿದ್ಯಾ ಕನ್ನಡಕ್ಕೆ ತಿರುಗಿಸುವ ಮೊದಲೇ ತುಂಗಮ್ಮನಿಗೆ ಅರ್ಥವಾಗಿತ್ತು.

ಡಾಕ್ಟರು ಹೋದ ಮೇಲೆ ಅವಳು ಎಲ್ಲವನ್ನೂ ಹೇಳಿದಳು. ಸೊಸೆ ಬೈಯಲಿಲ್ಲ.

"ಹಂಗಾದ್ರ ನಿಮ್ಮ ಆಕಳ ಹೆಂಗ ಉಳೀತ್ರಿ, ಅತ್ಯಾ?"

ತುಂಗಮ್ಮನಿಗೆ ಧಾರವಾಡದ ಅಂಗಳ ನೆನಪಾಯಿತು. ಬೇಲಿ ಕಣ್ಣಿಗೆ ಬಂತು. ಏಕಾದಶಿಯ ಸಂಜೆ ಅದರ ಬುಡದಲ್ಲಿ ಕತ್ತು ಚಾಚಿ ಕಾಯುತ್ತಿದ್ದ, ಪಕ್ಕದ ಮನೆಯ ಗುಂಡಪ್ಪನ ಕೋಳಿಗಳು. ಬೇರೆ ದಿನ ಅಂಗಳಕ್ಕೆ ಬಂದರೆ ಕೋಲು ಹಿಡಿಯುತ್ತಿದ್ದ ಅಪ್ಪ, ಅಂದು ಮಾತ್ರ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ.

"ಗುಂಡಪ್ಪನ ಕೋಳಿಗೆ ಏಕಾದಶಿ ಇರಲಿಲ್ಲ ನೋಡವಾ," ಎಂದಳು.

ಮೂರು ದಿನ ಭುಲುವಿನ ಪಕ್ಕದಲ್ಲೇ ಚಾಪೆ. ಡಾಕ್ಟರು ಸೂಜಿ ಚುಚ್ಚಿ ಹೋದ ಮೇಲೆ ತುಂಗಮ್ಮ ಚಮಚದಲ್ಲಿ ನೀರು ಬಿಡುತ್ತ, ಯಾರಿಗೂ ಕೇಳದಷ್ಟು ಮೆಲ್ಲಗೆ ಪದ್ಯ ಓದುತ್ತಿದ್ದಳು. ನನ್ನ ವ್ರತ ನನಗಿರಲಿ, ಅದರ ಸಾಲ ಈ ಮೂಕಪ್ರಾಣಿಗೆ ಬೇಡ ಎಂದು ನಡುನಡುವೆ ಬೇಡಿಕೊಳ್ಳುತ್ತಿದ್ದಳು. ಮೂರನೆಯ ಸಂಜೆ ಮೂರನೆಯ ಸಾಲಿಗೆ ಅವಳ ಉಸಿರು ಕಟ್ಟಿ ನಿಂತಿತು. ಭುಲು ಒಂದು ಕಿವಿ ಎತ್ತಿತು, ಓದು ಯಾಕೆ ನಿಂತಿತೆಂಬಂತೆ. ಮರುದಿನ ಮೊಸರನ್ನ ನೆಕ್ಕಿತು.

ಕುಂಡಗಳು ಹೋದವು, ಬಿರುಕಿಗೆ ಔಷಧಿ ಬಿತ್ತು. ಆದರೂ ಮುಂದಿನ ಏಕಾದಶಿಗೆ ಭುಲುವಿನ ಕತ್ತಿನಲ್ಲಿ ಎರಡು ಉಣ್ಣಿ ಕಂಡವು. ತುಂಗಮ್ಮ ಸೀಮೆಎಣ್ಣೆ ಬಟ್ಟಲು ಕೇಳಿದಳು.

"ಇವತ್ತ ಏಕಾದಶಿ ಅಲ್ಲೇನ್ರಿ ಅತ್ಯಾ?"

"ಗೊತ್ತದ. ನಾ ಉಪವಾಸ ಇದ್ದೀನಿ, ಅವೂ ಇರಲಿ. ಬಟ್ಟಲಾ ತಾ."

ಭುಲು ಬಂದು ಅವಳ ಮಡಿಲಿಗೆ ಗದ್ದ ಊರಿತು. ಮೂರನೆಯ ಸಾಲನ್ನು ಅಪ್ಪನಷ್ಟೇ ಉದ್ದಕ್ಕೆ ಎಳೆದು, ತುಂಗಮ್ಮ ಉಸಿರು ತೆಗೆದುಕೊಂಡಳು.