ಇಳಿಯಬೇಕಾದ ಪದ

ಆಟ ಶುರುವಾಗಲು ಇಪ್ಪತ್ತು ನಿಮಿಷ ಇರುವಾಗ ನಾನು ಜೋಸಿಯ ಬಣ್ಣದ ಕೋಣೆಗೆ ನುಗ್ಗಿ, ಕೊನೆಯ ಹಾಡಿನ ಕೊನೆಯ ಪದ ಬದಲಾಯಿಸು ಎಂದೆ.

ಜೋಸಿ ಆಗಿನ್ನೂ ಒಂದೇ ಕಣ್ಣಿಗೆ ಕಾಡಿಗೆ ಹಚ್ಚಿಕೊಂಡಿದ್ದಳು. ಕನ್ನಡಿಯೊಳಗಿಂದಲೇ ನನ್ನನ್ನು ದುರುಗುಟ್ಟಿ ನೋಡಿದಳು.

"ಉಯೆನಕ್ಕಾ, ತಲೆ ನೆಟ್ಟಗಿದೆಯಾ ನಿಂಗೆ? ಮೂರು ತಿಂಗಳಿಂದ ಆ ಒಂದು ಪದಾನ ನನ್ನ ಬಾಯಿಗೆ ತುರುಕ್ತಾ ಬಂದಿದ್ದೀಯ."

"ಇವತ್ತೊಂದಿನ ಕಣೆ. 'ಮಿನ್' ಬೇಡ. 'ಅಕ್ಕ' ಅನ್ನು, ಸಾಕು."

"ಯಾಕೆ?"

"ನಮ್ಮಮ್ಮ ಬಂದಿದ್ದಾಳೆ."

ಜೋಸಿ ಮುಂದೆ ಕೇಳಲಿಲ್ಲ. ಅಡಿಲೇಡಿನಲ್ಲಿ ಹುಟ್ಟಿದ ಹುಡುಗಿ, ವಿಯೆಟ್ನಾಮೀ ಮಾತನ್ನು ಗಿಣಿಯಂತೆ ಕಲಿತವಳು. ಆದರೆ ಅಮ್ಮ ಎಂದರೇನು ಎಂದು ಅವಳಿಗೂ ಗೊತ್ತು.

ಈ ಹೇಡಿತನಕ್ಕೆ ನಮ್ಮ ಭಾಷೆಯೇ ಕುಮ್ಮಕ್ಕು. ನಮ್ಮಲ್ಲಿ ಇಬ್ಬರು ಹೆಂಗಸರು ಅಕ್ಕ, ತಂಗಿ ಎಂದು ಕರೆದುಕೊಂಡರೆ ಅವರು ಒಡಹುಟ್ಟಿದವರಾಗಿರಬಹುದು, ಪಕ್ಕದ ಮನೆಯವರಾಗಿರಬಹುದು, ಒಂದೇ ಹೊದಿಕೆಯಲ್ಲಿ ಮಲಗುವವರೂ ಆಗಿರಬಹುದು. ಕೇಳಿದವರಿಗೆ ಯಾವುದೂ ಗೊತ್ತಾಗುವುದಿಲ್ಲ. ಆ ಮರೆಯಲ್ಲಿ ನಾನು ಆರು ವರ್ಷ ಬದುಕಿದ್ದೆ. 'ಮಿನ್' ಹಾಗಲ್ಲ. ಆ ಪದಕ್ಕೆ ಮೈ ಎಂಬ ಅರ್ಥವಿದೆ. ಒಬ್ಬರು ಇನ್ನೊಬ್ಬರನ್ನು 'ಮಿನ್' ಎಂದು ಕರೆದರೆ ಅವರು ಗಂಡ ಹೆಂಡಿರೇ ಸರಿ, ಬೇರೆ ಮಾತಿಲ್ಲ.

ಫುಟ್‌ಸ್ಕ್ರೇ ಬಡಾವಣೆಯ ಒಂದು ಹೊಲಿಗೆ ಶೆಡ್ಡಿನಲ್ಲಿ ಅಕ್ಕಪಕ್ಕದ ಮೆಷಿನ್ ತುಳಿಯುವ ಇಬ್ಬರು ಹೆಂಗಸರ ಕಥೆ ನನ್ನ ಹಾಡುನಾಟಕ. ಒಬ್ಬಳಿಗೆ ಬ್ರಿಸ್ಬೇನಿನ ಗಂಡು ಗೊತ್ತಾಗುತ್ತದೆ, ಇನ್ನೊಬ್ಬಳು ಅವಳನ್ನು ರೈಲು ಹತ್ತಿಸಲು ಬರುತ್ತಾಳೆ. ಇಡೀ ಆಟದಲ್ಲಿ ಒಂದು ಮುತ್ತಿಲ್ಲ. ಅವರಿಬ್ಬರ ನಡುವಿನದೆಲ್ಲವನ್ನೂ ಕೊನೆಯ ಆ ಒಂದು ಪದಕ್ಕೇ ಬಿಟ್ಟಿದ್ದೆವು. ಸಂಗೀತ ಮಾಡಿ ಪಿಯಾನೋ ನುಡಿಸುವವಳು ಮಾರಿಸೆಲ್. ಅಮ್ಮನ ಲೆಕ್ಕದಲ್ಲಿ ಅವಳು ನನ್ನ ಜೊತೆ ಬಾಡಿಗೆ ಹಂಚಿಕೊಳ್ಳುವ ಫಿಲಿಪೀನ್ಸ್ ಹುಡುಗಿ.

ಬೆಳಿಗ್ಗೆ ಕಾಫಿ ಕುಡಿಯುವಾಗ ಮಾರಿಸೆಲ್ ಕೇಳಿದ್ದಳು: "ಇವತ್ತಾದ್ರೂ ಹೇಳ್ತೀಯಾ ಅವರಿಗೆ?"

"ಆಟವೇ ಹೇಳುತ್ತೆ ಬಿಡೇ," ಎಂದು ಜಂಬದಿಂದ ಹೇಳಿದ್ದೆ.

ಈಗ ಆಟದ ಬಾಯಿಗೂ ಬಟ್ಟೆ ತುರುಕಿ ಬಂದಿದ್ದೆ. ಮಾರಿಸೆಲ್‌ಗೆ ತಿಳಿಸುವ ಧೈರ್ಯವಾಗಲಿಲ್ಲ.

ಅದು ಗುರುವಾರ ಮಧ್ಯಾಹ್ನದ ಪರೀಕ್ಷಾ ಪ್ರದರ್ಶನ. ಅಮ್ಮ ಮಾರ್ಕೆಟ್ಟಿನ ಮೀನಂಗಡಿಗೆ ಬಾಗಿಲೆಳೆದು, ನಿಂಬೆಹಣ್ಣಿನಲ್ಲಿ ಕೈ ತಿಕ್ಕಿ ತೊಳೆದು, ಮೂರನೆಯ ಸಾಲಿನಲ್ಲಿ ಬಂದು ಕೂತಿದ್ದಳು. ಹಾಡುಗಳಲ್ಲಿ ನನ್ನ ತಪ್ಪುಗಳನ್ನೆಲ್ಲ ತಿದ್ದಿಕೊಟ್ಟವಳು ಅವಳೇ. ಹಾಳೆಗಳು ವಾಪಸು ಬಂದಾಗ ಕೆಂಪು ಶಾಯಿಯ ಜೊತೆ ಮೀನಿನ ಹುರುಪೆಯೂ ಅಂಟಿಕೊಂಡಿತ್ತು. ಕೊನೆಯ ಹಾಡಿನ ಹಾಳೆಯನ್ನು ಮಾತ್ರ ನಾನು ಕೊಟ್ಟಿರಲಿಲ್ಲ.

ಆಟ ಶುರುವಾಯಿತು. ಹಿಂದಿನ ಗೋಡೆಗೆ ಒರಗಿ ನಿಂತ ನಾನು ರಂಗದ ಕಡೆ ನೋಡಲೇ ಇಲ್ಲ, ಅಮ್ಮನ ನೆತ್ತಿಯನ್ನೇ ನೋಡುತ್ತಿದ್ದೆ. ಜನ ನಕ್ಕಾಗ ಅವಳು ನಗಲಿಲ್ಲ. ಜನ ಸುಮ್ಮನಾದಾಗ ಅವಳ ತಲೆ ಸಣ್ಣಗೆ ಅಲ್ಲಾಡುತ್ತಿತ್ತು. ಇಷ್ಟವಾಗಲಿಲ್ಲ ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು: ಅವಳು ಮಾತುಗಳನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಾಳೆ. ಮೇಕಾಂಗ್ ನದಿಯ ಕಡೆ ಊರೂರು ತಿರುಗುತ್ತಿದ್ದ ನಾಟಕ ಕಂಪನಿಯಲ್ಲಿ ಒಂಬತ್ತು ವರ್ಷ ಪರದೆಯ ಹಿಂದೆ ಕೂತು ನಟರಿಗೆ ಮಾತು ಹೇಳಿಕೊಡುತ್ತಿದ್ದವಳು ಅವಳು. ಹಳೆಯ ಚಾಳಿ ಎಲ್ಲಿ ಹೋಗುತ್ತದೆ?

ಕೊನೆಯ ಹಾಡು ಬಂತು. ಅದನ್ನು ಹಳೆಯ ಕಂಪನಿ ಮಟ್ಟಿನಲ್ಲೇ ಕಟ್ಟಿದ್ದೆವು: ಒಂದೇ ಉಸಿರಿನಲ್ಲಿ ನಲವತ್ತು ಪದ ಓಡಬೇಕು, ಆಮೇಲೆ ವಾದ್ಯವೆಲ್ಲ ನಿಂತು ಕೊನೆಯ ಪದವೊಂದೇ ಮೇಲಿನಿಂದ ಕೆಳಕ್ಕೆ ಇಳಿಯಬೇಕು. ನಮ್ಮ ಭಾಷೆಯಲ್ಲಿ ಪ್ರತಿ ಪದಕ್ಕೂ ಏರುವ, ಇಳಿಯುವ ತನ್ನದೇ ಸ್ವರವಿದೆ; 'ಮಿನ್' ಇಳಿಯುವ ಪದ. ಅದು ಇಳಿದ ಕೂಡಲೇ ನಮ್ಮ ಜನ ಚಪ್ಪಾಳೆ ತಟ್ಟುತ್ತಾರೆ, ಕಥೆ ಎತ್ತ ಹೋದರೂ ಸರಿ.

ಜೋಸಿ ಓಡಿದಳು. ನಲವತ್ತೂ ಪದ ಅಚ್ಚುಕಟ್ಟಾಗಿ ಬಂದವು. ಮಾರಿಸೆಲ್ ಪಿಯಾನೋದಿಂದ ಕೈ ಎತ್ತಿದಳು.

ಜೋಸಿ ಬಾಯಿ ತೆರೆದಳು. ನಾಲಿಗೆಯ ಮೇಲೆ ಹಳೆಯ ಪದ, ತಲೆಯಲ್ಲಿ ಹೊಸ ಪದ. ಎರಡೂ ಹೊರಗೆ ಬರಲಿಲ್ಲ.

ಒಂದು ಕ್ಷಣ ಹೋಯಿತು, ಎರಡಾಯಿತು. ಸಾಲುಗಳಲ್ಲಿ ಯಾರೋ ಕೆಮ್ಮಿದರು. ಮಾರಿಸೆಲ್ ಗಾಬರಿಯಾಗಿ ಜೋಸಿಯನ್ನು ನೋಡಿದಳು, ಆಮೇಲೆ ಕತ್ತಲಲ್ಲಿ ನನ್ನನ್ನು ಹುಡುಕಿದಳು. ತಪ್ಪು ನನ್ನದು, ಸಾಯುತ್ತಿರುವವಳು ಆ ಹುಡುಗಿ.

"ಮಿನ್."

ಮೂರನೆಯ ಸಾಲಿನಿಂದ ಬಂತು ದನಿ. ಕೂಗಲ್ಲ, ಪಿಸುಮಾತೂ ಅಲ್ಲ. ನೇರ ರಂಗಕ್ಕೆ ಹೋಗಿ ಮುಟ್ಟುವ ದನಿ.

ಜೋಸಿ ಹಾಡಿದಳು. ಪದ ಇಳಿಯಿತು. ಹಿಂದಿನ ಸಾಲಿನ ಮುದುಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆಟ ಬಿಟ್ಟ ಮೇಲೆ ಅಮ್ಮ ಹೊರಗಿನ ಪಡಸಾಲೆಯಲ್ಲಿ ಕೈಚೀಲ ಎದೆಗವಚಿಕೊಂಡು ನಿಂತಿದ್ದಳು.

"ಅಲ್ಲಿ ಯಾವ ಪದ ಇಟ್ಟಿದ್ದೆ?"

"ಅಕ್ಕ ಅಂತ. ಇವತ್ತಿಗೆ ಮಾತ್ರ."

"'ಅಕ್ಕ' ಇಳಿಯುತ್ತಾ ಅಲ್ಲಿ? ಗಂಟಲಲ್ಲೇ ಸಿಕ್ಕಿಹಾಕ್ಕೊಳ್ಳೋ ಪದ ಅದು. ಆ ಜಾಗಕ್ಕೆ ಅದನ್ನ ತಂದು ಇಡ್ತಾರಾ ಯಾರಾದ್ರೂ? ಕತ್ತೆ!"

"ನಿಂಗೆ ಹೇಗೆ ಗೊತ್ತಾಯ್ತಮ್ಮ?"

"ಹಾಡೇ ಕೇಳ್ತಿತ್ತಲ್ಲ. ಬೇರೆ ಯಾವ ಪದ ಕೂರುತ್ತೆ ಅಲ್ಲಿ?" ಅಮ್ಮ ದನಿ ತಗ್ಗಿಸಿದಳು. "ಆರು ವರ್ಷದಿಂದ ಇಬ್ಬರು ಒಂದೇ ಕೋಣೆಗೆ ಬಾಡಿಗೆ ಕಟ್ತಿದ್ದೀರಿ. ನಾನು ಮೀನು ಮಾರೋಳು ಕಣೇ, ಕುರುಡಿ ಅಲ್ಲ."

ನನಗೆ ಅಳು ಬಂತು. ಗೊತ್ತಿತ್ತು ಅವಳಿಗೆ. ಇಷ್ಟು ವರ್ಷ ಸುಮ್ಮನೆ ಬೆವರಿದ್ದೆ. ಅಷ್ಟರಲ್ಲಿ ಮಾರಿಸೆಲ್ ಬಂದು ನನ್ನ ಪಕ್ಕ ನಿಂತಳು. ಪದ ಬದಲಾದದ್ದು ಜೋಸಿಯ ಬಾಯಿಂದ ಅವಳಿಗೆ ಆಗಲೇ ತಿಳಿದಿತ್ತು. ನನ್ನ ಮುಖ ನೋಡಲಿಲ್ಲ.

ಅಮ್ಮ ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೇಳಿದಳು: "ಶನಿವಾರ ಮಾತ್ರ ಅಕ್ಕ ಅಂತಲೇ ಇರಲಿ."

"ಏನು?"

"ಶನಿವಾರ ಗುಡಿಯ ಹೆಂಗಸರು ಬರ್ತಾರೆ. ಒಂಬತ್ತು ಜನ. ನಾನೇ ಕರೆದಿದ್ದೀನಿ, ನನ್ನ ಮಗಳ ನಾಟಕ ಅಂತ."

"ಹಾಡು ಕೆಡುತ್ತಲ್ಲಮ್ಮ."

"ಕೆಡಲಿ."

ಈಗ ತಾನೇ ಆ ಪದಕ್ಕಾಗಿ ನನ್ನನ್ನು ಕತ್ತೆ ಎಂದವಳ ಬಾಯಲ್ಲಿ ಈ ಮಾತು! ಅವಳ ಕೈ ನೋಡಿದೆ. ಇಷ್ಟುದ್ದದ ಮೀನಿನ ತಲೆಯನ್ನು ಒಂದೇ ಏಟಿಗೆ ಹಾರಿಸುವ ಕೈ, ಚೀಲದ ಜಿಪ್ಪನ್ನು ಎಳೆಯುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ಎಳೆಯುತ್ತಿತ್ತು. ಅಮ್ಮ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನೋಡಿ ನನಗೂ ಮತ್ತೆ ಭಯ ಹತ್ತಿತು. ಆಗಲಿ ಎಂದುಬಿಟ್ಟರೆ ಮುಗಿಯಿತು, ಎಲ್ಲರಿಗೂ ಸುಖ. ಮಾರಿಸೆಲ್ ಈಗ ನನ್ನನ್ನೇ ನೋಡುತ್ತಿದ್ದಳು.

"ಇಲ್ಲಮ್ಮ," ಎಂದೆ. "ಶನಿವಾರನೂ ಜೋಸಿ ಮಿನ್ ಅಂತಲೇ ಹಾಡ್ತಾಳೆ."

ಅಮ್ಮ ಜಿಪ್ಪನ್ನು ಪೂರ್ತಿ ಎಳೆದು ಮುಚ್ಚಿದಳು.

"ಆಟ ಮುಗಿದ ಮೇಲೆ ಆ ಒಂಬತ್ತು ಜನ ನನ್ನ ಸುತ್ತ ನಿಂತ್ಕೋತಾರೆ. ಇದು ಯಾರ ಕಥೆ ಅಂತ ಕೇಳ್ತಾರೆ. ಆಗ ನಾನೇನು ಹೇಳಲಿ? ಕಂಡೋರಿಗೆಲ್ಲ ಮಾತು ಹೇಳ್ಕೊಟ್ಟೆ. ನಂಗೆ ಹೇಳ್ಕೊಡೋರು ಯಾರು?"

"ನಾನು ಪಕ್ಕದಲ್ಲೇ ನಿಂತಿರ್ತೀನಿ."

"ನೀನಾ? ನಿನ್ನ ಆ ಹರುಕುಮುರುಕು ವಿಯೆಟ್ನಾಮೀಲಿ?"

ಮಾರಿಸೆಲ್ ತಡೆಯಲಾರದೆ ನಕ್ಕಳು. ಅಮ್ಮ ನಗಲಿಲ್ಲ. "ಸರಿ, ಹಾಗಿದ್ರೆ ಈಗಲೇ ಹೇಳು. ಏನಂತ ಹೇಳ್ಕೊಡ್ತೀಯ?"

ಹೇಳಿದೆ: "ಇದು ನನ್ನ ಮಗಳ ಕಥೆ ಅನ್ನು."

ಅಮ್ಮ ತುಟಿಯಲ್ಲೇ ಒಮ್ಮೆ ಹೇಳಿ ನೋಡಿಕೊಂಡಳು. ಮಗಳು ಎನ್ನುವಲ್ಲಿ ಸ್ವರ ತಪ್ಪಿದ್ದೀಯ ಎಂದು ನನ್ನನ್ನು ತಿದ್ದಿದಳು. ಆಮೇಲೆ ಪಡಸಾಲೆಯಲ್ಲಿದ್ದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ತಾನೇ ಹೇಳಿದಳು.